ಹಂಡೆಯೊಳಗಿನ ಕೆಂಪು

"ಬೆಂಕಿ ಆರಿಸಮ್ಮಿ! ಆರಿಸು ಅಂದೆ!"

ಗುರುಮಲ್ಲಮ್ಮನ ಕೂಗು ಹಂಗಳ ಊರಿನ ಆ ಬೀದಿಗೆಲ್ಲ ಕೇಳಿಸಿತು. ಹಿತ್ತಲ ಒಲೆಯ ಮೇಲೆ ಮಂಜಿಷ್ಠದ ಬೇರು ಹಾಕಿದ ಹಂಡೆ ಕುದಿಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅದರೊಳಗೆ ಬೆಳ್ಳಗೆ ಮುಳುಗಿದ್ದ ಸೀರೆಯ ಮೇಲೆ ಈಗ ಸಾಲು ಸಾಲು ಕೆಂಪು ಹೂಗಳು! ಸೊಸೆ ಕಾವ್ಯಶ್ರೀ ಕೋಲಿನಿಂದ ಸೀರೆ ಮಗುಚುತ್ತಲೇ ಇದ್ದಳು.

ಗಂಡ ಶಿವಶಂಕರ ತೀರಿಕೊಂಡು ಹನ್ನೊಂದು ತಿಂಗಳು. ಎಂ.ಎ. ಓದಿದ ಹುಡುಗಿ ಒಮ್ಮೆಯೂ ಅತ್ತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಮರಿತಾಯಮ್ಮ ಎಂಬಾಕೆ ಬಟ್ಟೆಗೆ ಮರದ ಅಚ್ಚು ಹಾಕುವುದನ್ನು ಕಲಿಸುತ್ತಾಳೆಂದು ತಿಳಿದು ದಿನಾ ಬಸ್ಸು ಹತ್ತಿದಳು. ಮೊದಮೊದಲು ಅಚ್ಚು ಜಾರಿ ಹೂವಿನ ಮೇಲೆ ಹೂ ಬೀಳುತ್ತಿತ್ತು. ಅಚ್ಚಿನ ಬೆನ್ನಿಗೆ ಗುದ್ದಿ ಗುದ್ದಿ ಅಂಗೈ ಊದಿತು. ಆ ನೋವೊಂದೇ ಅವಳಿಗೆ ತಿಳಿಯುತ್ತಿತ್ತು... ಅತ್ತೆ ಒಪ್ಪಿದ್ದು ಒಂದೇ ಷರತ್ತಿಗೆ. ಕೆಂಪು ಕೂಡದು.

ಆದರೆ ಮರಿತಾಯಮ್ಮನದೂ ಒಂದು ಪದ್ಧತಿಯಿತ್ತು. ಕಲಿತವಳು ತನ್ನ ಮೊದಲ ಸೀರೆಯನ್ನು ಮಾರಬಾರದು, ತಾನೇ ಉಟ್ಟು ಬರಬೇಕು. ಬರುವ ಸೋಮವಾರ ಹಾಗೆ ಬಂದರೆ ಚಾಮರಾಜನಗರದ ಅಚ್ಚಿನ ಮನೆಯಲ್ಲಿ ಕೆಲಸ. ಕಾವ್ಯಶ್ರೀ ಅದಕ್ಕೆ ಕೆಂಪನ್ನೇ ಆರಿಸಿಕೊಂಡಳು. ಹುಣಸೆಬೀಜದ ಅಂಟಿಗೆ ಪಟಿಕ ಬೆರೆಸಿ ಸೀರೆಯ ತುಂಬ ಅಚ್ಚೊತ್ತಿದಳು. ಪಟಿಕದ ಗುರುತು ಕಣ್ಣಿಗೆ ಕಾಣದು. ಬೇರಿನ ನೀರಿನಲ್ಲಿ ಕುದಿದಾಗಲೇ ಅಚ್ಚು ಬಿದ್ದಲ್ಲಿ ಕೆಂಪೇಳುವುದು. ಗುರುಮಲ್ಲಮ್ಮ ಅದನ್ನು ಬರೀ ಬಿಳಿ ಸೀರೆಯೆಂದುಕೊಂಡು, ಸೊಸೆಗೆ ಬುದ್ಧಿ ಬಂತೆಂದು ಹಿಗ್ಗಿ, ನಿನ್ನೆ ತನ್ನ ಕೈಯಾರೆ ಜಾಲಿಸಿ ಕೊಟ್ಟಿದ್ದಳು!

"ಮೋಸ ಮಾಡ್ಬುಟ್ಟೆ ಕಣಮ್ಮಿ! ನನ್ ಕೈಲೇ ತೊಳಸ್ಬುಟ್ಟೆ!"

"ಹೌದು ಅತ್ತೆ. ಮೊದಲೇ ಹೇಳದೆ ಇದ್ದದ್ದು ತಪ್ಪು. ಕೆಂಪು ಹಾಕಿದ್ದು ತಪ್ಪಲ್ಲ."

"ಗಂಡ ಸತ್ತೋಳ್ಗೆ ಊವಿನ್ ಸೀರೆ! ಎಂ.ಎ. ಓದ್ದಾಗ ಇದ್ನೇ ಏಳ್ಕೊಟ್ರಾ?"

"ಸತ್ತಿದ್ದು ಅವರು... ನಾನಲ್ಲ!"

ಗುರುಮಲ್ಲಮ್ಮ ನೀರಿನ ಬಿಂದಿಗೆ ಎತ್ತಿಕೊಂಡು ಒಲೆಯತ್ತ ಬಂದಳು. ಈಗ ಉರಿ ಆರಿದರೆ ಬಣ್ಣ ಅರ್ಧಕ್ಕೇ ನಿಲ್ಲುತ್ತದೆ. ಕಾವ್ಯಶ್ರೀ ಅಡ್ಡ ನಿಂತಳು. ಮುದುಕಿ ಬಿಂದಿಗೆ ಕೆಳಗಿಳಿಸಿದಳು.

"ನೀ ಬಿಳೀದು ಉಟ್ಕಂಡು ಓಡಾಡ್ತಿದ್ರೆ... ನನ್ ಮಗ ಒಬ್ಬ ಇದ್ದ ಅಂತ ಊರ್ಗೆ ಗ್ಯಾಪ್ಕ ಇರ್ತಿತ್ತು ಕಣಮ್ಮಿ... ನೀನೂ ಬಣ್ಣ ಉಟ್ಬುಟ್ರೆ ಅವ್ನು ಇನ್ನೆಲ್ಲವ್ನೆ?"

ಹನ್ನೊಂದು ತಿಂಗಳಿಂದ ಬಾರದ ಕಣ್ಣೀರು ಕಾವ್ಯಶ್ರೀಯ ಕೆನ್ನೆಗಿಳಿಯಿತು... ಆದರೂ ಅವಳು ಸರಿಯಲಿಲ್ಲ.

"ಅವರನ್ನ ಮರೆಯಲ್ಲ ಅತ್ತೆ. ಆದ್ರೆ ಅವರ ಗುರುತಿಗೆ ಅಂತ ನನ್ನನ್ನ ನಿಲ್ಲಿಸ್ಬೇಡಿ."

ಬಗ್ಗಿ ಒಲೆಗೆ ಇನ್ನೊಂದು ಸೌದೆ ತುರುಕಿದಳು.

ಸಂಜೆ ಸೀರೆ ಹಿಂಡಿ ತಂದಾಗ, "ಇತ್ಲಲ್ಲೇ ಒಣಗಾಕು" ಎಂದಳು ಗುರುಮಲ್ಲಮ್ಮ, ಬೇಡುವವಳಂತೆ. ಕಾವ್ಯಶ್ರೀ ಬೀದಿಯ ಕಡೆಗಿದ್ದ ಹಗ್ಗಕ್ಕೇ ಹರವಿದಳು. ಬೆನ್ನ ಹಿಂದೆ ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಎದುರುಮನೆಯ ದೊಡ್ಡಮಲ್ಲಮ್ಮ ಜಗಲಿಯಿಂದಲೇ ಕುಟುಕಿದಳು: "ಏನಮ್ಮಿ, ಯಾರ್ ಮದ್ವೆಗೆ ಇಂಥಾ ಸೀರೆ?"

"ಮದುವೆಗಲ್ಲ ದೊಡ್ಡಮ್ಮ, ಕೆಲಸಕ್ಕೆ. ಸೋಮವಾರ ಉಟ್ಕೊಂಡು ಈ ಬೀದೀಲೇ ಹೋಗ್ತೀನಿ. ಆಗ ಸರಿಯಾಗಿ ನೋಡಿ."

ಸೆರಗಿನ ಒಂದು ತುದಿ ಮಡಚಿಕೊಂಡಿತ್ತು. ಕಾವ್ಯಶ್ರೀ ಅದನ್ನೂ ಬಿಡಿಸಿ ಹಾಕಿದಳು.