ಭೇರಿ ಮೊಳಗದ ಸಂಜೆ

ವಿಜಯೋತ್ಸವದ ಮೂರನೆಯ ದಿನ ಬಿಲ್ವಗಿರಿಯ ರಾಜಬೀದಿಯಲ್ಲಿ ಕಾಲಿಡಲು ತೆರಪಿರಲಿಲ್ಲ. ಗಡಿಯೂರು ಹೊಳೆಗುಂದಿಯನ್ನು ಸುಟ್ಟ ತೊರೆನಾಡಿನ ಸೈನ್ಯವನ್ನು ಹೊಡೆದಟ್ಟಿ ಬಂದೆನೆಂದು ಹೇಳಿಕೊಂಡ ದಂಡನಾಯಕ ಸೋವಣ್ಣನ ಆನೆಯ ಮೇಲೆ ಮಾಳಿಗೆ ಮಾಳಿಗೆಗಳಿಂದ ಹೂವು ಸುರಿಯುತ್ತಿತ್ತು. ಆ ಹೊಳೆಗುಂದಿಯಿಂದಲೇ ಓಡಿಬಂದ ನಲವತ್ತು ಮಂದಿ ಮಾತ್ರ ಕೋಟೆಬಾಗಿಲ ಪಕ್ಕದ ಮಂಟಪದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿದ್ದರು. ಯಾರು ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಅರಮನೆಯಿಂದ ಬಂದ ಅನ್ನ ಎಲೆಯಲ್ಲೇ ಆರುತ್ತಿತ್ತು.

ಕೋಟೆಬಾಗಿಲ ಮೇಲೆ ಮುಂಜಾನೆ, ಮುಸ್ಸಂಜೆ ಭೇರಿ ಬಾರಿಸುವವನು ಮಾಕಯ್ಯ. ಆ ನಾದ ಕೇಳಿದೊಡನೆ ಪ್ರಜೆಗಳು ನಿಂತಲ್ಲೇ ಕೈಮುಗಿಯುವುದು ನಾಡಿನ ಕಟ್ಟಳೆ. ಹೊಳೆಗುಂದಿಯವರಾದರೋ ಮಂಟಪದ ಮೂಲೆಗೆ ನುಗ್ಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕಾಳವ್ವೆಯೆಂಬ ಮುದುಕಿ ಅಳು ಹೊರಬೀಳದಂತೆ ಮೊಮ್ಮಗಳ ಬಾಯನ್ನು ಒತ್ತಿ ಹಿಡಿಯುತ್ತಿದ್ದಳು. ಮೇಲಿನಿಂದ ಅದನ್ನು ಕಂಡ ಮಾಕಯ್ಯನಿಗೆ ತನ್ನ ಕೈಗಳ ಮೇಲೆಯೇ ಹೇಸಿಗೆ ಹುಟ್ಟಿತು.

ಮರುದಿನ ಸೋವಣ್ಣ ರಾಜಸಭೆಯಲ್ಲಿ ಬಿನ್ನವಿಸಿದ. "ಮಹಾಪ್ರಭು, ಈ ಹೊಳೆಗುಂದಿಯವರು ತೊರೆನಾಡಿನ ಗೂಢಚಾರರು. ನಮ್ಮ ಜಯಭೇರಿಗೆ ಕೈಮುಗಿಯದೆ ನಡುಗುತ್ತಾರೆ. ಸನ್ನಿಧಾನದಲ್ಲೇ ಬಾರಿಸಿ ಪರೀಕ್ಷಿಸಬಹುದು. ದ್ರೋಹ ಕಂಡರೆ ಶೂಲಕ್ಕೆ ಅಪ್ಪಣೆಯಾಗಬೇಕು."

ಅರಸ ಬೀರದೇವ ಪಟ್ಟಕ್ಕೆ ಬಂದು ವರ್ಷ ತುಂಬಿರಲಿಲ್ಲ; ಸೈನ್ಯವೆಲ್ಲ ದಂಡನಾಯಕನ ಮುಷ್ಟಿಯಲ್ಲಿತ್ತು. ಅಂಜಿಕೆಯಿಂದಲೇ ಆತ ತಲೆಯಾಡಿಸಿದ.

ನಲವತ್ತು ಮಂದಿಯನ್ನು ಅರಮನೆಯ ಅಂಗಳಕ್ಕೆ ತಂದು ನಿಲ್ಲಿಸಿದರು; ಭೇರಿಯೊಡನೆ ಮಾಕಯ್ಯನನ್ನೂ ಕರೆಸಿದರು. ಪ್ರತಿಯೊಂದು ಸೈನ್ಯದ ಭೇರಿಗೂ ತನ್ನದೇ ಪೆಟ್ಟು ಇರುತ್ತದೆ. ಬಿಲ್ವಗಿರಿಯದು ಚುರುಕಿನ ಮೂರು, ತೊರೆನಾಡಿನದು ನಿಧಾನದ ಎರಡು. ರಾಜಧಾನಿಯಲ್ಲಿ ಶತ್ರುವಿನ ಪೆಟ್ಟು ಬಾರಿಸಿದವನ ಕೈ ಕಡಿಯಬೇಕೆಂಬುದು ಹಳೆಯ ಶಾಸನ. ಕೇಳಿದರೆ ಅನುಮತಿ ಸಿಗದೆಂದು ಮಾಕಯ್ಯ ಬಲ್ಲ. ಆದರೂ ಅವನು ಮೊದಲು ಬಾರಿಸಿದ್ದು ತೊರೆನಾಡಿನ ಪೆಟ್ಟನ್ನೇ.

ಸಭೆ ದಿಗ್ಗನೆದ್ದಿತು. ಹೊಳೆಗುಂದಿಯವರು ಮಾತ್ರ ಏನೂ ತಿಳಿಯದೆ ಸುಮ್ಮನೆ ನೋಡುತ್ತ ನಿಂತರು. ಭಟರು ತನ್ನನ್ನು ಹಿಡಿಯುವ ಮುನ್ನ ಮಾಕಯ್ಯ ಬಿಲ್ವಗಿರಿಯ ಮೂರು ಪೆಟ್ಟು ಹೊಡೆದ. ನಲವತ್ತು ಮಂದಿಯೂ ನೆಲಕ್ಕೆ ಬಿದ್ದರು. ಕಾಳವ್ವೆಯ ಅಂಗೈ ಮಗುವಿನ ಬಾಯಿಗೆ ಹೋಯಿತು.

"ಮಹಾಪ್ರಭು," ಎಂದ ಮಾಕಯ್ಯ, "ತೊರೆನಾಡಿನ ಭೇರಿಯನ್ನು ಇವರು ಕೇಳಿಯೇ ಇಲ್ಲ. ಊರಿಗೆ ಬೆಂಕಿಯಿಟ್ಟಾಗ ಮೊಳಗಿದ್ದು ಯಾವುದೆಂದು ಇವರ ಮೈಯೇ ಹೇಳುತ್ತಿದೆ."

"ನಾನು ಸುಡಲಿಲ್ಲ!" ಎಂದು ಅಬ್ಬರಿಸಿದ ಸೋವಣ್ಣ. ಅವನ ಹೆಸರನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅರಮನೆಯಲ್ಲೂ ಇರುತ್ತಾರೆ.

ಅರಸ ಸಿಂಹಾಸನದಿಂದಿಳಿದು ಮುದುಕಿಯ ಬಳಿ ಕುಳಿತ. "ಹೇಳು ತಾಯಿ. ಅಂದು ಬಂದವರು ಯಾರು?"

ಕಾಳವ್ವೆ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡಳು. "ನಮ್ಮೋರೇ, ಬುದ್ಧಿ. ಕಣಜ ದೋಚಿ ಬೆಂಕಿ ಇಟ್ರು. ನಮ್ಮ ಭೇರಿ ಕೇಳಿ, ಕಾಯೋಕೆ ಬಂದ್ರು ಅಂತ ಊರಬಾಗಿಲು ತೆಗೆದೋಳು ನಾನೇ. ನನ್ನ ಮಗಳು ಬೆಂಕಿ ಒಳಗೇ ಉಳಿದ್ಲು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದನ್ನು ಕೇಳಿ, ಹೊಳೆಗುಂದಿಗೆ ಹೋಗದೆ ಕೋಟೆ ಕಾಯುತ್ತಿದ್ದ ಸೈನಿಕರೇ ಸೋವಣ್ಣನ ಕತ್ತಿ ಕಸಿದು ಅವನಿಗೆ ಸಂಕೋಲೆ ತೊಡಿಸಿದರು. ಅರಸ ಮಾಕಯ್ಯನ ಕೈಗಳನ್ನು ಮನ್ನಿಸಿ, ಎಂದಿನಂತೆ ಸಂಜೆಯ ಭೇರಿ ಬಾರಿಸೆಂದ.

"ಆ ಕೆಲಸ ಇನ್ನು ನನ್ನಿಂದಾಗದು, ಪ್ರಭು. ಕೈ ಬೇಕಾದರೆ ತೆಗೆದುಕೊಳ್ಳಿ," ಎಂದು ಮಾಕಯ್ಯ ಕೋಲುಗಳನ್ನು ಅರಸನ ಪಾದದ ಬಳಿ ಇಟ್ಟ. ಅರಸ ತಡೆಯಲಿಲ್ಲ.

ಅಂದು ಮುಸ್ಸಂಜೆ ಭೇರಿ ಮೊಳಗಲಿಲ್ಲ. ಅರಸನೇ ತೀರಿಕೊಂಡನೇನೋ ಎಂದು ಹೆದರಿ ಪೇಟೆಯವರು ಅಂಗಡಿಗಳ ಬಾಗಿಲೆಳೆದರು. ಮಂಟಪದಲ್ಲಿ ಹೊಳೆಗುಂದಿಯವರು ಭೇರಿಯ ಸದ್ದಿಗಾಗಿ ಮೂಲೆ ಸೇರಿ ಕಾಯುತ್ತಿದ್ದರು. ಮಾಕಯ್ಯ ಬಂದಾಗ ಕಾಳವ್ವೆ ಕೇಳಿದಳು:

"ಯಾವಾಗ ಬಾರಿಸ್ತೀಯಪ್ಪ?"

"ಬಾರಿಸೋದಿಲ್ಲ, ಅವ್ವ."

ಅವಳು ನಂಬಲಿಲ್ಲ. ಮಗುವಿನ ಬಾಯಿಯ ಮೇಲಿನ ಕೈ ಸಡಿಲಲಿಲ್ಲ. ಮಾಕಯ್ಯ ಅವಳೆದುರು ಕುಳಿತು, ಅವಳಿಗೆ ಕಾಣುವಂತೆ ತನ್ನ ಎರಡೂ ಬರಿಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ.