ಇಸ್ತ್ರಿಗೆ ಹೆದರದ ಹೆಸರು

ಗಾಝಿ ತನ್ನ ಅಂಗಿಯನ್ನು ದುಹಾಳ ಅಂಗಡಿಯ ಮೇಜಿನ ಮೇಲೆ ಹರಡಿದ. ಎದೆಯ ಭಾಗದಲ್ಲಿ ಅವನೇ ಅಚ್ಚು ಹಾಕಿದ್ದ ‘ದುಹಾ’ ಎಂಬ ಕೆಂಪು ಹೆಸರು ಕರಗಿ, ಖಾರದ ಚಟ್ನಿ ಚೆಲ್ಲಿದಂತೆ ಮೆತ್ತಿಕೊಂಡಿತ್ತು.

“ಅಮ್ಮ ಇದರ ಮೇಲೆ ಇಸ್ತ್ರಿ ಇಟ್ಬಿಟ್ಳು.”

“ಬೇಕಂತಲೇ?” ದುಹಾ ಕೇಳಿದಳು.

“ಬೇಕಂತಲೇ. ಗಂಡನ್ನ ಬಿಟ್ಟು ಬಂದವಳ ಹೆಸರು ನಮ್ಮನೆ ಬಟ್ಟೆ ಮೇಲೆ ಬೇಡ ಅಂದ್ಲು.”

ದುಹಾಳಿಗೆ ಮೈ ಉರಿದುಹೋಯಿತು. ಸ್ಫಾಕ್ಸ್ ಪಟ್ಟಣದ ಹಳೇ ಪೇಟೆಯಲ್ಲಿ ಸ್ವಂತ ಬಟ್ಟೆ ಪ್ರಿಂಟಿಂಗ್ ಅಂಗಡಿ ನಡೆಸುವವಳು ಅವಳು. ಯಾರ ಹಂಗೂ ಇರಲಿಲ್ಲ.

“ನೀನೇನಂದೆ?”

ಅವನು ನೆಲ ನೋಡಿದ. “ಏನೂ ಅನ್ನಲಿಲ್ಲ.”

“ಭೇಷ್! ನಿನ್ನ ಪ್ಲಾಸ್ಟಿಕ್ ಇಂಕಿನ ಹಾಗೇ ನೀನೂ. ಮೇಲೆ ಮೇಲೆ ಮಿಂಚೋದು, ಬಿಸಿ ತಾಗಿದ್ರೆ ಕರಗೋದು. ನೀರಿನ ಇಂಕ್ ಹಾಕು ಅಂತ ಎಷ್ಟು ಬಡ್ಕೊಂಡೆ!”

“ಅದು ಸ್ಕ್ರೀನ್ ಜಾಲರಿಯಲ್ಲೇ ಒಣಗಿ ತೂತೆಲ್ಲ ಮುಚ್ಚಿಕೊಳ್ಳುತ್ತೆ. ಬಣ್ಣವೂ ಮಂಕು.”

“ಕೈ ಚುರುಕಾಗಿದ್ರೆ ಒಣಗಲ್ಲ. ಮಂಕಾದ್ರೂ ನೂಲಿನೊಳಗೇ ಇಳಿಯುತ್ತೆ.”

ದುಹಾ ಬಿಳಿ ಹತ್ತಿ ಅಂಗಿಯೊಂದನ್ನು ತನ್ನ ಹೆಸರಿನ ಸ್ಕ್ರೀನ್ ಕೆಳಗೆ ಹಾಸಿ, ನೀರಿನ ಇಂಕ್ ಸುರಿದು, ರಬ್ಬರ್ ಪಟ್ಟಿಯನ್ನು ಒಂದೇ ಉಸಿರಿಗೆ ಎಳೆದಳು. ಗಾಝಿ ಅವಳ ಮೊಣಕೈಗೆ ಅಂಟಿದ ಕೆಂಪನ್ನೇ ನೋಡುತ್ತಿದ್ದ.

“ಕಣ್ಣು ಅಂಗಿ ಮೇಲಿರಲಿ,” ಎಂದಳು. ಅಷ್ಟು ಕೋಪದಲ್ಲೂ ಆ ನೋಟ ಅವಳಿಗೆ ಇಷ್ಟವಾಗಿತ್ತು.

ಬಣ್ಣ ಆರಿದ ಮೇಲೆ ಅಂಗಿಯನ್ನು ಅವನ ಕೈಗಿಟ್ಟಳು. “ಶುಕ್ರವಾರ ಇದನ್ನೇ ಹಾಕ್ಕೋ. ನಿಮ್ಮನೆ ಕುಸ್‌ಕುಸ್ ಊಟಕ್ಕೆ ನಾನೂ ಬರ್ತೀನಿ. ಯಾರೂ ಕರೀದಿದ್ರೂ.”

ಶುಕ್ರವಾರ ಗಾಝಿಯ ತಾಯಿ ಸಬೀಹಾ ಬಾಗಿಲಲ್ಲಿ ದುಹಾಳನ್ನು ನೋಡಿದಳು, ಮಗನ ಎದೆ ನೋಡಿದಳು, ಸೀದಾ ಹೋಗಿ ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟಳು.

“ಬಿಚ್ಚು. ಸುಕ್ಕಾಗಿದೆ.”

ಗಾಝಿ ಅಂಗಿ ಬಿಚ್ಚಿಕೊಟ್ಟ. ಇವನು ಇವತ್ತೂ ಸುಮ್ಮನಿದ್ದರೆ ಎಲ್ಲ ಮುಗಿಯಿತು ಎಂದುಕೊಂಡಳು ದುಹಾ.

ಸಬೀಹಾ ಹೆಸರಿನ ಮೇಲೇ ಇಸ್ತ್ರಿ ಒತ್ತಿದಳು. ಹೆಸರು ಕದಲಲಿಲ್ಲ. ಮತ್ತಷ್ಟು ಒತ್ತಿದಳು.

“ಇನ್ನೂ ಒತ್ತಿ, ಅತ್ತೆ,” ಎಂದಳು ದುಹಾ. “ಈ ಇಂಕಿಗೆ ಕಾವು ಬೇಕು. ಕಾವು ಕೊಟ್ರೇನೇ ತೊಳೆದ್ರೂ ಹೋಗದ ಹಾಗೆ ಕೂರೋದು. ಆ ಕೆಲಸ ನಿಮಗೇ ಅಂತ ಬಿಟ್ಟಿದ್ದೆ.”

“ಯಾರೇ ನಿನಗೆ ಅತ್ತೆ?”

ಗಾಝಿ ಬಿಸಿ ಅಂಗಿಯನ್ನು ಎಳೆದು ತೊಟ್ಟುಕೊಂಡ. ಮೈ ಚುರ್ರೆಂದರೂ ಬಿಡಲಿಲ್ಲ. “ನೀನೇ, ಅಮ್ಮ. ನಾನು ಮದುವೆ ಆಗೋದು ಇವಳನ್ನೇ. ಒಪ್ಪಿದ್ರೆ ಇಲ್ಲೇ ಊಟ. ಇಲ್ದಿದ್ರೆ ಇಬ್ರೂ ಹೊರಡ್ತೀವಿ.”

ದುಹಾ ಅವನ ಕೈ ಹಿಡಿದುಕೊಂಡಳು, ತಾಯಿಯ ಎದುರಿಗೇ.

ಸಬೀಹಾ ಇಬ್ಬರನ್ನೂ ದುರುಗುಟ್ಟಿ ನೋಡಿ ಅಡುಗೆಮನೆಗೆ ಹೋದಳು. ಕುಸ್‌ಕುಸ್ ತುಂಬಿದ ಒಂದು ದೊಡ್ಡ ತಟ್ಟೆ ತಂದು ಕುಕ್ಕಿದಳು. ಸುತ್ತ ಮೂರು ಚಮಚ ಎಸೆದಳು.

“ಬಣ್ಣ ಮಂಕು,” ಎಂದು ಗೊಣಗಿದಳು. ಆಮೇಲೆ ದುಹಾಳ ಕಡೆ ತಿರುಗಿ, “ಕೂತ್ಕೊಳ್ಳೋಕೂ ಹೇಳಬೇಕಾ?” ಎಂದಳು.