ಟೇಪ್‌ರೆಕಾರ್ಡರ್ ನುಂಗಿದ ಮಾತು

"ಎಳೀಬೇಡ ಅಣ್ಣ, ಹರಿದುಹೋಗುತ್ತೆ" ಎಂದು ಹುಡುಗಿ ಹೇಳುವಷ್ಟರಲ್ಲಿ ಹರಿದೇ ಹೋಯಿತು.

ಟೇಪ್‌ರೆಕಾರ್ಡರಿನ ಬಾಯಿಂದ ಕಂದು ಬಣ್ಣದ ಟೇಪು ನೇತಾಡುತ್ತಿತ್ತು. ಮಧ್ಯೆ ಮೊಳದುದ್ದ, ಹಿಂಡಿದ ಬಟ್ಟೆಯಂತೆ ಮುದುಡಿಹೋಗಿತ್ತು.

"ಹೋಗ್ಲಿ ಬಿಡು. ಫೋನಲ್ಲಿ ಬೇರೆ ಹಾಡು ಕೇಳು" ಎಂದ ಅಣ್ಣ.

ಆದರೆ ಇದು ಯಾವ ಫೋನಿನಲ್ಲೂ ಇರಲಿಲ್ಲ. ಹಾಡುವ ಅಜ್ಜಿಯೊಬ್ಬರು ಎಂದೋ ಜನರೆದುರು ಕೂತು ಹಾಡಿದ ಲೈವ್ ಆಲ್ಬಮ್ ಅದು. ಒಂದು ಹಾಡು, ಆಮೇಲೊಂದು ಕತೆ, ಮತ್ತೆ ಹಾಡು. ಜನ ನಗುವುದು, ಯಾರೋ ಕೆಮ್ಮುವುದು, ಮಗುವೊಂದು ಅತ್ತಾಗ ಅಜ್ಜಿ "ಅಳಲಿ ಬಿಡಿ, ಅದೂ ಹಾಡ್ತಾ ಇದೆ" ಅನ್ನುವುದು, ಎಲ್ಲ ಅದರಲ್ಲಿತ್ತು. ಅವಳಿಗೆ ಕೆಮ್ಮು ಕೂಡ ಬಾಯಿಪಾಠ. ದಿನವಿಡೀ ಅದನ್ನೇ ಒದರುತ್ತಾಳೆಂದು ಮನೆಯವರು ಅವಳಿಗೆ 'ರೇಡಿಯೋ' ಎಂದೇ ಹೆಸರಿಟ್ಟಿದ್ದರು.

ರೇಡಿಯೋ ಅಳಲಿಲ್ಲ. ಕ್ಯಾಸೆಟ್ಟನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಓಡಿದಳು.

ಅಂಗಡಿಯಲ್ಲಿ ಬೆಸುಗೆಗೆ ಕಾದ ತವರದ ವಾಸನೆ. ಹೊಟ್ಟೆ ಬಿಚ್ಚಿಸಿಕೊಂಡ ಮಿಕ್ಸಿಯ ಮುಂದೆ ಅದರ ಒಡೆಯ, ಒಬ್ಬ ಬಸ್ ಡ್ರೈವರ್, ಕೂತಿದ್ದ. ಪಕ್ಕದಲ್ಲಿ ಬೀದಿಗೆ ಅಂಚೆ ಹಂಚುವ ಪೋಸ್ಟಮ್ಮ ತನ್ನ ಫೋನಿಗಾಗಿ ಕಾಯುತ್ತಿದ್ದಳು.

"ಹೆಸರು?" ಎಂದ ರಿಪೇರಿಯವನು, ಚೀಟಿ ಬರೆಯುತ್ತ.

"ರೇಡಿಯೋ."

"ರಿಪೇರಿಗೆ ಬಂದಿರೋದು ನೀನಾ, ಕ್ಯಾಸೆಟ್ಟಾ?" ಅವನ ಮುಖದಲ್ಲಿ ನಗು ಇರಲಿಲ್ಲ.

ಅವನು ಐದು ಪುಟ್ಟ ಸ್ಕ್ರೂ ಬಿಚ್ಚಿದ. ಟೇಪನ್ನು ಬೆಳಕಿಗೆ ಹಿಡಿದು ನೋಡಿದ.

"ಅಂಟಿಸಬಹುದು. ಆದ್ರೆ ಈ ಮುದುಡಿದ ತುಂಡು ಕತ್ತರಿಸಲೇಬೇಕು. ಇದರಲ್ಲಿ ಏನಿತ್ತು?"

"ಅದರಲ್ಲೇ ಎಲ್ಲ ಇತ್ತು."

"ಎಲ್ಲ ಅಂದ್ರೆ? ಹೇಳು, ನೋಡೋಣ."

ಅವಳು ನೆಲ ನೋಡುತ್ತ ಗಡಗಡನೆ ಶುರುಮಾಡಿದಳು. "ಅಕ್ಕತಂಗಿ ಇಬ್ಬರು. ಹನ್ನೆರಡು ವರ್ಷದಿಂದ ಮಾತಿಲ್ಲ. ಒಂದಿನ ಅಕ್ಕ, ಬೈಯೋದಕ್ಕಂತಲೇ ತಂಗಿ ಮನೆಗೆ ಹೊರಟಳು..."

ಕ್ಯಾಸೆಟ್ಟಿನಲ್ಲಿ ಇಲ್ಲಿ ಜನ ನಗುತ್ತಾರೆ. ಅಂಗಡಿಯಲ್ಲಿ ಯಾರೂ ನಗಲಿಲ್ಲ. ಡ್ರೈವರ್ ಗಡಿಯಾರ ನೋಡಿಕೊಂಡ.

ಅವಳು ಮಾತು ನಿಲ್ಲಿಸಿದಳು. ತಲೆಯೆತ್ತಿದಳು. ಈ ಸಲ ಡ್ರೈವರನ ಮುಖವನ್ನೇ ನೋಡಿ ನಿಧಾನವಾಗಿ ಹೇಳಿದಳು.

"ದಾರಿಯುದ್ದಕ್ಕೂ ಬೈಗುಳ ಪ್ರಾಕ್ಟೀಸ್. ಬಸ್ಸಿನಲ್ಲಿ ಪಕ್ಕ ಕೂತಿದ್ದವನು, ತನಗೇ ಬೈತಿದಾಳೆ ಅಂತ ಕ್ಷಮೆ ಕೇಳಿ ಇಳಿದುಹೋದ. ಕಂಡಕ್ಟರ್ ಟಿಕೆಟ್ ಕೇಳೋಕೇ ಬರ್ಲಿಲ್ಲ."

ಡ್ರೈವರ್ ಫಕ್ಕನೆ ನಕ್ಕ. "ನಮ್ ಬಸ್ಸಲ್ಲೂ ಇದಾರಮ್ಮ ಇಂಥೋರು."

"ಕೊನೆಗೆ ತಂಗಿ ಮನೆ ಬಂತು. ಅಕ್ಕ ಸೆರಗು ಬಿಗಿದಳು. ಬಾಗಿಲು ಬಡಿದಳು. ಬಾಗಿಲು ತೆಗೀತು..."

ಅಜ್ಜಿ ಇಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಅವಳೂ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಆದರೆ ರಿಪೇರಿಯವನ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತ್ತು. ಪೋಸ್ಟಮ್ಮ ಉಸಿರು ಹಿಡಿದಿದ್ದಳು. ರೇಡಿಯೋ ಇನ್ನೂ ಸ್ವಲ್ಪ ಕಾದಳು.

"ಆಮೇಲೆ?" ಎಂದಳು ಪೋಸ್ಟಮ್ಮ, ತಡೆಯಲಾರದೆ.

"ತಂಗಿ ಅಂದಳು, 'ಇಷ್ಟೊತ್ತು ಎಲ್ಲಿ ಹಾಳಾಗಿದ್ದೆ? ಊಟ ಆರ್ತಾ ಇದೆ, ಕೈ ತೊಳ್ಕೊಂಡು ಬಾ.'"

ಅಂಗಡಿಯೇ ನಕ್ಕಿತು. ಡ್ರೈವರ್ ತೊಡೆ ತಟ್ಟಿಕೊಂಡ. ಪೋಸ್ಟಮ್ಮ ನಗುತ್ತಲೇ ಕಣ್ಣು ಒರೆಸಿಕೊಂಡು, "ನಾಳೆನೇ ನಮ್ಮಕ್ಕನಿಗೆ ಫೋನ್ ಮಾಡ್ತೀನಿ" ಎಂದಳು. ರಿಪೇರಿಯವನ ಮೀಸೆ ಅದುರಿತು. ಆಮೇಲೆ ಭುಜ. ಆಮೇಲೆ ಹೊಟ್ಟೆ.

ಅವನು ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಅಂಟಿಸಿ, ಕ್ಯಾಸೆಟ್ ಹಾಕಿದ. "ಬಾಗಿಲು ತೆಗೀತು" ಎಂದ ಅಜ್ಜಿಯ ದನಿಯ ಬೆನ್ನಿಗೇ ಜನರ ನಗು ಬಂತು. ನಡುವಿನ ಮಾತು ಇಲ್ಲ.

"ಅಯ್ಯೋ, ಅದೇ ಹೋಯ್ತಲ್ಲ" ಎಂದ ಡ್ರೈವರ್.

"ಎಲ್ಲಿ ಹೋಗುತ್ತೆ? ಇವಳ ಹತ್ರ ಇದೆಯಲ್ಲ" ಎಂದ ರಿಪೇರಿಯವನು. "ರೇಡಿಯೋ, ಇನ್ನೊಂದು ಕತೆ ಇದ್ಯಾ?"

ಇತ್ತು. ಇನ್ನೂ ಆರು ಕತೆಗಳಿದ್ದವು. ಅವಳು ಸ್ಟೂಲು ಎಳೆದುಕೊಂಡು, ಎಲ್ಲರ ಮುಖ ಕಾಣುವ ಹಾಗೆ ಕೂತಳು.

ಅಜ್ಜಿ ಸುಮ್ಮನಿರುವಲ್ಲಿ ಟೇಪು ಖಾಲಿ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಅಜ್ಜಿ ಹಾಡಿದ ಆ ದಿನ, ಅವರೆದುರು ಮುಂದಿನ ಸಾಲಿನಲ್ಲಿ ಪೋಸ್ಟಮ್ಮನ ಹಾಗೆ ಯಾರು ಉಸಿರು ಹಿಡಿದು ಕೂತಿದ್ದರೋ.